ಹಿಟ್ಟಿನ ಹುಂಜ ಮತ್ತು ಸಣ್ಣ ರಾಜ್ಯದ ಆಟ

ಆಟದಲ್ಲಿ ಕೊಂದರೆ ಪಾಪವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜನ್ನನ ‘ಯಶೋಧರಚರಿತೆ’ಯನ್ನು (ಕ್ರಿ.ಶ. 1209) ಬಲ್ಲವರಿಗೆ ಹಿಟ್ಟಿನ ಹುಂಜದ ಪ್ರಸಂಗ ಹೊಸತಲ್ಲ. ಕತ್ತಿಗೆ ಸಿಕ್ಕಿದ್ದು ಹಿಟ್ಟೇ ಆದರೂ ಸಂಕಲ್ಪ ಕೊಲ್ಲುವುದಾಗಿತ್ತು. ಅದರ ಫಲವನ್ನು ತಾಯಿ-ಮಗ ಭವಭವಗಳಲ್ಲಿ ಉಣ್ಣಬೇಕಾಯಿತು. ಸ್ವೀಡನ್ನಿನ ಪ್ಯಾರಾಡಾಕ್ಸ್ ಸಂಸ್ಥೆ 2013ರಲ್ಲಿ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಕಂಪ್ಯೂಟರ್ ಆಟವನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದು ಉಚಿತ.

1444ರಿಂದ 1821ರವರೆಗಿನ ಜಗತ್ತಿನ ಭೂಪಟವೇ ಇದರ ರಂಗ. ಒಂದೇ ಪ್ರಾಂತ, ಬರಿದಾದ ಬೊಕ್ಕಸ, ಪುಟ್ಟ ದಂಡು. ಇಂಥ ಬಡ ರಾಜ್ಯವನ್ನು ವಹಿಸಿಕೊಂಡವನಿಗೆ ಆಟವು ಮೊದಲು ಸಂಯಮವನ್ನೇ ಕಲಿಸುತ್ತದೆ. ಸಾಲಕ್ಕೆ ಅಂಜಬೇಕು, ಬಲಿಷ್ಠನ ಸ್ನೇಹವನ್ನು ಅರಸಬೇಕು, ಕಾರಣವಿಲ್ಲದೆ ಯುದ್ಧ ಸಾರಿದರೆ ರಾಜ್ಯದ ಸ್ಥೈರ್ಯ ಕುಸಿಯುತ್ತದೆ, ಅತಿಯಾಗಿ ಕಬಳಿಸಿದರೆ ನೆರೆಯವರೆಲ್ಲ ಒಗ್ಗೂಡಿ ಎರಗುತ್ತಾರೆ. ದುರಾಸೆಗೆ ಪ್ರತಿಫಲವುಂಟೆಂದು ತೋರಿಸುವ ಈ ಗುಣ ಮೆಚ್ಚತಕ್ಕದ್ದು.

ಸಣ್ಣ ರಾಜ್ಯದ ಪಾಡು ಯಾದಗಿರಿ, ಶಹಾಪುರ, ಸುರಪುರಗಳ ನಮಗೆ ಬರಿಯ ಪುಸ್ತಕದ ಮಾತಲ್ಲ. 1705ರಲ್ಲಿ ಔರಂಗಜೇಬನು ತನ್ನ 86ನೆಯ ವಯಸ್ಸಿನಲ್ಲಿ ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ತಾನೇ ಬಂದು ಮುತ್ತಿಗೆ ಹಾಕಿದನು. ಪಿಡ್ಡನಾಯಕನ ಬೇಡರ ಪಡೆ ವಾರಗಟ್ಟಲೆ ಎದುರಿಸಿ, ಕೊನೆಗೆ ರಾತ್ರಿಯಲ್ಲಿ ಕೋಟೆಯನ್ನು ತೆರವು ಮಾಡಿ ಪಾರಾಯಿತು. ಕೋಟೆ ಹೋಯಿತು, ಸಂಸ್ಥಾನ ಉಳಿಯಿತು. 1858ರಲ್ಲಿ ಬ್ರಿಟಿಷರಿಗೆ ಇದಿರಾದ ರಾಜಾ ವೆಂಕಟಪ್ಪನಾಯಕ ಸೆರೆಸಿಕ್ಕಿ, ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ಅಸುನೀಗಿದನು, ಸಂಸ್ಥಾನವೂ ಅಳಿಯಿತು. ಆಟದಲ್ಲಾದರೆ ಕೊನೆಯ ಪ್ರಾಂತ ಹೋದೊಡನೆ ಎಲ್ಲವೂ ಮುಗಿಯಿತು. ನಿಜದ ಊರಿನಲ್ಲಿ ಮರುದಿನವೂ ಹೊಲ ಉಳಬೇಕು, ಸತ್ತವರ ಮನೆಯವರು ಬದುಕಬೇಕು. ಆಟಕ್ಕೆ ಆಳುಗಳ ಬಲ ಒಂದು ಅಂಕಿ ಮಾತ್ರ. ಯುದ್ಧದಲ್ಲಿ ಕರಗಿದ್ದು ತಿಂಗಳು ತಿಂಗಳಿಗೆ ತಾನೇ ತುಂಬಿಕೊಳ್ಳುತ್ತದೆ.

ಇದಕ್ಕಿಂತ ಆಳದ ದೋಷ ಇನ್ನೊಂದಿದೆ. ಆತ್ಮರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ತಪ್ಪದು, ಸಂಕಲ್ಪಿ ಹಿಂಸೆಯನ್ನು ಅವನು ಬಿಡಲೇಬೇಕು ಎಂಬುದು ನಮ್ಮ ಶ್ರಾವಕಧರ್ಮದ ವಿವೇಕ. ಬಡ ರಾಜ್ಯವನ್ನು ಆಡುವವನು ಮೊದಲನೆಯದರಿಂದ ತೊಡಗಿ, ಅರಿವಿಲ್ಲದೆಯೇ ಎರಡನೆಯದಕ್ಕೆ ಜಾರುತ್ತಾನೆ. ನಿನ್ನೆ ಉಳಿವಿಗಾಗಿ ಕೋಟೆ ಕಾದವನು ಇಂದು ತನಗಿಂತ ಸಣ್ಣವನನ್ನು ಹುಡುಕುತ್ತಾನೆ. ಇಂತಿಷ್ಟು ಗೆಲ್ಲಲೇಬೇಕೆಂಬ ಕಟ್ಟಳೆ ಆಟದಲ್ಲಿಲ್ಲ, ಬೇಕಾದಲ್ಲಿ ನಿಲ್ಲಬಹುದು. ಆದರೆ ನಿಂತವನಿಗೆ ಅದು ಕೊಡುವುದು ಅತ್ಯಲ್ಪ. ಶಾಂತಿಯ ವರ್ಷಗಳಲ್ಲಿ ನೋಡಲು ಹೆಚ್ಚೇನೂ ಇಲ್ಲದೆ ನಾವು ಕಾಲವನ್ನೇ ವೇಗವಾಗಿ ಓಡಿಸುತ್ತೇವೆ. ಪ್ರಜೆಗೆ ಸುಖವಾದ ವರ್ಷ ಆಟಗಾರನಿಗೆ ಬೇಸರದ ವರ್ಷವಾಗುವುದೇ ಈ ಕೃತಿಯ ನೈತಿಕ ಕೊರತೆ.

ಹಾಗೆಂದು ಮಕ್ಕಳ ಕೈಯಿಂದ ಆಟವನ್ನು ಕಸಿಯಬೇಕೆಂದು ನಾನು ಹೇಳಲಾರೆ. ದಿಕ್ಕುಗಳಿಗೆ ಎಲ್ಲೆ ಹಾಕಿಕೊಳ್ಳುವ ದಿಗ್ವ್ರತ ನಮ್ಮಲ್ಲಿದೆ. ಆಡುವ ಮುನ್ನ ಭೂಪಟದಲ್ಲಿ ಒಂದು ಗೆರೆ ಎಳೆದು, ಇದರಾಚೆ ಹೋಗೆನೆಂದು ನಿಶ್ಚಯಿಸಿ ಆಡಲಿ. ಬಾಹುಬಲಿ ಚಕ್ರವರ್ತಿಗೆ ಮಣಿಯಲಿಲ್ಲ. ಗೆದ್ದ ಮೇಲೆ ಆ ಚಕ್ರವರ್ತಿಯ ಸಿರಿಯನ್ನು ಬಯಸಲೂ ಇಲ್ಲ. ಮಣಿಯದಿರುವುದನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ. ಬಯಸದಿರುವುದನ್ನು ಮನೆಯ ಹಿರಿಯರೇ ಕಲಿಸಬೇಕು.