ವಿಲ್ಕ್ಸನ ಇತಿಹಾಸದಲ್ಲಿ ಪಾಳೆಯಗಾರರು: ಶಿರಾ ಗಡಿನಾಡನ್ನು ಕುರಿತು ಒಂದು ವಿಮರ್ಶೆ

ಮೈಸೂರು ದೇಶದ ಚರಿತ್ರೆಯನ್ನು ಬರೆದವರಲ್ಲಿ ಕರ್ನಲ್ ಮಾರ್ಕ್ ವಿಲ್ಕ್ಸನಿಗೆ ಋಣಿಗಳಾಗದವರು ವಿರಳ. 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಗ್ರಂಥವು ಇಂದಿಗೂ ನಮ್ಮ ಕಾಲೇಜುಗಳಲ್ಲಿ ಆಧಾರಗ್ರಂಥವಾಗಿಯೇ ಇದೆ. ನೇರವಾಗಿ ಅದನ್ನು ಓದದವರೂ ರೈಸರ ಗೆಜೆಟಿಯರಿನ ಮೂಲಕ, ಹಯವದನರಾಯರ ಮೂರು ಸಂಪುಟಗಳ ಮೂಲಕ ಅದನ್ನೇ ಓದುತ್ತಿರುತ್ತಾರೆ. ಪೂರ್ಣಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರಿನಲ್ಲಿ ರೆಸಿಡೆಂಟನ ಕಾರ್ಯವನ್ನು ನಿರ್ವಹಿಸಿದ ವಿಲ್ಕ್ಸನಿಗೆ ದೊರೆತ ದಾಖಲೆಗಳೂ ಪ್ರತ್ಯಕ್ಷದರ್ಶಿಗಳೂ ಅನಂತರದವರಿಗೆ ದೊರೆಯಲಿಲ್ಲ. ಅವನ ಶ್ರದ್ಧೆಯನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ಶಂಕಿಸುವುದು ನಮ್ಮ ಉದ್ದೇಶವಲ್ಲ. ಆದರೆ ಪಾಳೆಯಗಾರರ ವಿಷಯ ಬಂದಾಗ ಅವನ ತಕ್ಕಡಿ ಒಂದು ಕಡೆಗೆ ವಾಲುತ್ತದೆಂದೂ, ಆ ವಾಲಿಕೆಯನ್ನು ನಾವು ಪರೀಕ್ಷಿಸದೆ ಪಾಠದಲ್ಲಿ ಹೇಳಿಕೊಂಡು ಬಂದಿದ್ದೇವೆಂದೂ ನಮಗೆ ತೋರುತ್ತದೆ.

ಪಾಳೆಯಗಾರನು ಇಂದು ಒಬ್ಬನ ಪಕ್ಷ, ನಾಳೆ ಇನ್ನೊಬ್ಬನ ಪಕ್ಷ. ಆದುದರಿಂದ ಅವನು ನಂಬಿಕೆಗೆ ಯೋಗ್ಯನಲ್ಲ. ಅವನನ್ನು ಅಡಗಿಸಿದ್ದು ರಾಜ್ಯನಿರ್ಮಾಣದ ಒಂದು ಹೆಜ್ಜೆ. ಸ್ಥೂಲವಾಗಿ ಹೇಳುವುದಾದರೆ ಆ ಗ್ರಂಥದಿಂದ ಹುಟ್ಟುವ ಭಾವನೆ ಇದು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ 'ಉದ್ಧಟ ಪಾಳೆಯಗಾರರು' ಎಂಬ ಮಾತು ಒಂದೇ ಶಬ್ದವೆಂಬಂತೆ ಬರುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು.

ಈ ಭಾವನೆಯನ್ನು ಒರೆಗೆ ಹಚ್ಚಲು ತುಮಕೂರು ಸೀಮೆಗಿಂತ ಒಳ್ಳೆಯ ಕ್ಷೇತ್ರವಿಲ್ಲ. ಹಿರೇಹಳ್ಳಿಯ ಬಳಿ ಬೆಂಗಳೂರಿನ ಹೆದ್ದಾರಿಯಲ್ಲಿ ನಿಂತರೆ ಈಶಾನ್ಯದ ಕಡೆಗೆ ದೇವರಾಯನದುರ್ಗ. ಅದೇ ಹೆದ್ದಾರಿಯಲ್ಲಿ ಬೆಂಗಳೂರಿನ ದಿಕ್ಕಿಗೆ ಸಾಗಿದರೆ ದಾಬಸ್‌ಪೇಟೆಯ ಹತ್ತಿರ ನಿಜಗಲ್ಲು. ಉತ್ತರಕ್ಕೆ ಚನ್ನರಾಯನದುರ್ಗ, ಮಧುಗಿರಿ. ಗುಬ್ಬಿಯ ಆಚೆಗೆ ಹಾಗಲವಾಡಿ. ಕುಣಿಗಲ್ಲಿನ ದಕ್ಷಿಣಕ್ಕೆ ಹುಲಿಯೂರುದುರ್ಗ. ಇಷ್ಟು ಕೋಟೆಗಳು ಇಷ್ಟು ಒತ್ತೊತ್ತಾಗಿ ಇರುವ ಕಡೆ ಒಬ್ಬನೇ ಒಡೆಯನ ಆಜ್ಞೆ ನಡೆಯುತ್ತಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ನಾಡು ಬಿಜಾಪುರದವರದು, ಮೊಗಲರದು, ಮರಾಠರದು, ಮೈಸೂರಿನವರದು ಎಂದು ಕಾಗದದ ಮೇಲೆ ಹಲವು ಬಾರಿ ಬರೆಯಲ್ಪಟ್ಟಿತು. ಮೊಗಲರು 1687ರಲ್ಲಿ ಸ್ಥಾಪಿಸಿದ ಶಿರಾ ಸುಬೆಯಲ್ಲಿ ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳಿದ್ದವು. ಇವುಗಳ ಜೊತೆಗೆ ಕಪ್ಪ ಸಲ್ಲಿಸತಕ್ಕ ಸಂಸ್ಥಾನಗಳ ಸಾಲೊಂದಿತ್ತು. ಆ ಸಾಲಿನಲ್ಲಿ ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗಗಳ ಸಂಗಡ ಮೈಸೂರೂ ಸೇರಿದೆ. ಶಿರಾದ ಸುಬೇದಾರನ ಕಣ್ಣಿಗೆ ಶ್ರೀರಂಗಪಟ್ಟಣದ ಒಡೆಯರೂ ಚಿತ್ರದುರ್ಗದ ನಾಯಕರೂ ಒಂದೇ ಪಂಕ್ತಿಯವರು. ಹಾಗಾದರೆ ಯಾರು ರಾಜ, ಯಾರು ಪಾಳೆಯಗಾರ? ಗೆದ್ದು ಉಳಿದವನು ರಾಜನಾದನು, ಉಳಿಯದವನು ಪಾಳೆಯಗಾರನಾದನು ಎಂಬುದಕ್ಕಿಂತ ಸ್ಪಷ್ಟವಾದ ಗೆರೆಯನ್ನು ವಿಲ್ಕ್ಸನ ಗ್ರಂಥದಲ್ಲಿ ನಾವು ಕಾಣಲಾರೆವು. 1610ರಲ್ಲಿ ವಿಜಯನಗರದ ಪ್ರತಿನಿಧಿಯಿಂದ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಸಂಗತಿ ಒಂದು ರಾಜ್ಯದ ಉದಯವೆಂದು ವರ್ಣಿತವಾಗುತ್ತದೆ. ಅದೇ ಬಗೆಯ ಕಾರ್ಯವನ್ನು ಮಧುಗಿರಿಯವರೋ ಹಾಗಲವಾಡಿಯವರೋ ಮಾಡಿದ್ದರೆ ಅದರ ಹೆಸರು ಬೇರೆಯಾಗುತ್ತಿತ್ತು.

ಪಕ್ಷಾಂತರದ ಆರೋಪವನ್ನೇ ತೆಗೆದುಕೊಳ್ಳೋಣ. 1695ರಲ್ಲಿ ಮೊಗಲ ಸೇನಾಪತಿ ಕಾಸಿಂಖಾನನು ಸಂತಾಜಿ ಘೋರ್ಪಡೆಯ ಕೈಯಲ್ಲಿ ಸೋತು ದೊಡ್ಡೇರಿಯ ಸಣ್ಣ ಕೋಟೆಯಲ್ಲಿ ಸಿಕ್ಕಿಬಿದ್ದು ಅಲ್ಲಿಯೇ ಮಡಿದನು. ಆ ಸಮಯದಲ್ಲಿ ಚಿತ್ರದುರ್ಗದ ಭರಮಣ್ಣನಾಯಕನು ಮರಾಠರಿಗೆ ನೆರವಾದನು. 1763ರಲ್ಲಿ ಹೈದರನು ಬಿದನೂರಿಗೆ ದಂಡೆತ್ತಿ ಹೋದಾಗ ಅದೇ ಮನೆತನದ ನಾಯಕನು ಹೈದರನ ಜೊತೆಗಿದ್ದನು. 1770ರಲ್ಲಿ ಪೇಶ್ವೆ ಮಾಧವರಾಯನು ನಿಜಗಲ್ಲನ್ನು ಮುತ್ತಿದಾಗ ಚಿತ್ರದುರ್ಗದವರು ಪೇಶ್ವೆಯ ಪಾಳೆಯದಲ್ಲಿದ್ದು, ಆ ಕಡಿದಾದ ಬಂಡೆಯನ್ನು ಹತ್ತಿ ಕೋಟೆಯನ್ನು ಹಿಡಿದುಕೊಟ್ಟರು. ಮೇಲುನೋಟಕ್ಕೆ ಇದು ಚಂಚಲತೆಯೇ ಸರಿ. ಆದರೆ ಇದೇ ವರ್ಷಗಳಲ್ಲಿ ದೊಡ್ಡವರು ಏನು ಮಾಡುತ್ತಿದ್ದರು? 1761ರಲ್ಲಿ ಬಸಾಲತ್ ಜಂಗನು ಮೂರು ಲಕ್ಷ ರೂಪಾಯಿಗಳಿಗೆ ಹೈದರನಿಗೆ ಶಿರಾದ ನವಾಬಗಿರಿಯನ್ನು ದಯಪಾಲಿಸಿದನು. ಆಗ ಶಿರಾ ಮರಾಠರ ವಶದಲ್ಲಿತ್ತು! ಕೊಟ್ಟವನಿಗೆ ಕೊಡುವ ಅಧಿಕಾರವಿರಲಿಲ್ಲ. ಕೊಂಡವನು ಆಮೇಲೆ ಹೋಗಿ ಊರನ್ನು ಹಿಡಿಯಬೇಕಾಗಿತ್ತು. ಈ ವ್ಯಾಪಾರದ ವಿನೋದವು ವಿಲ್ಕ್ಸನಿಗೆ ತಿಳಿಯದೆ ಹೋಗಿಲ್ಲ. 1767ರಲ್ಲಿ ಹೈದರನ ಸ್ವಂತ ಭಾವಮೈದುನ ಮೀರ್ ಸಾಹೇಬನು ಶಿರಾವನ್ನು ಮಾಧವರಾಯನಿಗೆ ಬಿಟ್ಟುಕೊಟ್ಟು ಗುರ್ರಂಕೊಂಡದ ಜಹಗೀರನ್ನು ಪಡೆದನು. ಕೆಲವು ವರ್ಷಗಳ ಮೇಲೆ ಮತ್ತೆ ಹೈದರನಲ್ಲಿಗೆ ಬಂದು ಮೊದಲಿನ ಮನ್ನಣೆಯನ್ನೇ ಪಡೆದನು. ಇವರು ಮಾಡಿದ್ದು ರಾಜನೀತಿಯಾದರೆ ನಾಯಕರು ಮಾಡಿದ್ದೂ ರಾಜನೀತಿಯೇ.

ನಮ್ಮ ಅಭಿಪ್ರಾಯದಲ್ಲಿ ಪಾಳೆಯಗಾರನ ಪಕ್ಷಾಂತರವು ಅವನ ಶೀಲದ ದೋಷವಲ್ಲ. ಎರಡು ಮೂರು ದೊಡ್ಡ ಶಕ್ತಿಗಳು ಒಂದರ ಎದುರು ಒಂದು ನಿಂತಿದ್ದ ಗಡಿಯಲ್ಲಿ ಸಣ್ಣವನಿಗೆ ಉಳಿದಿದ್ದ ಒಂದೇ ಸಾಧನ. ಒಬ್ಬನು ಕಪ್ಪವನ್ನು ಏರಿಸಿದರೆ ಇನ್ನೊಬ್ಬನ ಬಾಗಿಲಿಗೆ ಹೋಗುವ ಸಾಧ್ಯತೆಯೇ ಅವನ ಬಲ. ದೊಡ್ಡವರ ಸ್ಪರ್ಧೆ ಮುಗಿದ ದಿನ ಆ ಬಲವೂ ಮುಗಿಯಿತು.

ಪದವಿ ತರಗತಿಗಳಲ್ಲಿ ಅಮೆರಿಕದ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಇದು ಪರಿಚಿತವೆನಿಸೀತು. ಫ್ರೆಡರಿಕ್ ಜಾಕ್ಸನ್ ಟರ್ನರನು 1893ರಲ್ಲಿ ಮಂಡಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಗಡಿಯೆಂಬುದು ನಾಗರಿಕತೆಯು ಕಾಡಿನೊಳಕ್ಕೆ ಸರಿಯುತ್ತ ಹೋಗುವ ಗೆರೆ. ಆ ಗೆರೆಯ ಆಚೆಗಿದ್ದ ಮೂಲನಿವಾಸಿಗಳಿಗೆ ಅವನಲ್ಲಿ ರಾಜಕೀಯವಿಲ್ಲ. ರಿಚರ್ಡ್ ವೈಟನು 1991ರ ತನ್ನ ಗ್ರಂಥದಲ್ಲಿ ಮಹಾಸರೋವರಗಳ ಪ್ರದೇಶವನ್ನು ಬೇರೆ ರೀತಿಯಾಗಿ ಕಂಡನು: ಫ್ರೆಂಚರೂ ಇಂಗ್ಲಿಷರೂ ಪರಸ್ಪರ ಸೆಣಸುತ್ತಿದ್ದಷ್ಟು ಕಾಲ ಅಲ್ಲಿಯ ಜನಾಂಗಗಳು ಇಬ್ಬರೊಡನೆಯೂ ಚೌಕಾಸಿ ಮಾಡಿ ಬಾಳಿದವು. 1763ರಲ್ಲಿ ಫ್ರೆಂಚರು ಹೊರಟುಹೋದರು; ಆ ವರ್ಷವೇ ಪಾಂಟಿಯಾಕನ ಯುದ್ಧ ಎದ್ದಿತು. 1794ರ ಆಗಸ್ಟಿನಲ್ಲಿ ಫಾಲನ್ ಟಿಂಬರ್ಸ್ ಎಂಬಲ್ಲಿ ಸೋತ ಮೂಲನಿವಾಸಿ ಯೋಧರು ಆಶ್ರಯಕ್ಕಾಗಿ ಹತ್ತಿರದ ಬ್ರಿಟಿಷ್ ಕೋಟೆಗೆ ಓಡಿಬಂದಾಗ ಅದರ ಬಾಗಿಲು ತೆರೆಯಲಿಲ್ಲ. ಅದೇ ವರ್ಷದ ಜೇ ಒಪ್ಪಂದವನ್ನು ಕುರಿತು ಹ್ಯಾಮಿಲ್ಟನ್ನನ ಪಕ್ಷಕ್ಕೂ ಜೆಫರ್ಸನ್ನನ ಪಕ್ಷಕ್ಕೂ ನಡೆದ ಘೋರ ವಾಗ್ವಾದವನ್ನು ಪಠ್ಯಗಳು ವಿಸ್ತಾರವಾಗಿ ಹೇಳುತ್ತವೆ. ಆ ಒಪ್ಪಂದದಿಂದ ಬ್ರಿಟಿಷರು ಪಶ್ಚಿಮದ ಠಾಣ್ಯಗಳನ್ನು ಬಿಡಲೊಪ್ಪಿದುದು ಓಹಾಯೋ ಜನಾಂಗಗಳಿಗೆ ಏನಾಯಿತೆಂಬುದನ್ನು ಅಷ್ಟು ಹೇಳುವುದಿಲ್ಲ.

ಹೋಲಿಕೆಯನ್ನು ಎಳೆದಾಡಬಾರದು. ಅಮೆರಿಕದಲ್ಲಿ ಸೈನ್ಯದ ಬೆನ್ನಿಗೇ ಭೂಮಿಯನ್ನು ಬಯಸುವ ವಲಸೆಗಾರರು ಬಂದರು. ಇಲ್ಲಿ ಶಿರಾಕ್ಕೆ ಬಂದವರಿಗೆ ಬೇಕಾದದ್ದು ಭೂಮಿಯ ಹುಟ್ಟುವಳಿ. ಉಳುವವನು ಇದ್ದಲ್ಲಿಯೇ ಇರಬೇಕಾಗಿತ್ತು. ಈ ನಿಯಮಕ್ಕೆ ಭಯಂಕರವಾದ ಅಪವಾದವೊಂದುಂಟು. 1779ರಲ್ಲಿ ಚಿತ್ರದುರ್ಗವನ್ನು ಹಿಡಿದ ಹೈದರನು ಇಪ್ಪತ್ತು ಸಾವಿರ ಮಂದಿ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದನೆಂದೂ ವಿಲ್ಕ್ಸನೇ ಬರೆದಿದ್ದಾನೆ. ಒಂದು ಜನವೇ ನೆಲದಿಂದ ಕಿತ್ತುಹೋದ ಈ ಪ್ರಸಂಗವು ಅವನಲ್ಲಿ ದಂಡಯಾತ್ರೆಯ ಪರಿಶಿಷ್ಟದಂತೆ ಬಂದು ಹೋಗುತ್ತದೆ.

ವಿಲ್ಕ್ಸನು ಹೀಗೇಕೆ ಬರೆದನೆಂಬುದು ದುರೂಹವಲ್ಲ. 1800–1801ರಲ್ಲಿ ಕಂಪನಿಯು ದಕ್ಷಿಣದ ತಮಿಳು ಪಾಳೆಯಗಾರರೊಡನೆ ಯುದ್ಧ ಮಾಡಿತ್ತು. ಮನ್ರೋ ಸೀಡೆಡ್ ಜಿಲ್ಲೆಗಳ ಪಾಳೆಯಗಾರರನ್ನು ಮಟ್ಟಹಾಕುತ್ತಿದ್ದನು. ಆ ವರ್ಷಗಳಲ್ಲಿ ಕಂಪನಿಯ ಅಧಿಕಾರಿಗೆ ಪಾಳೆಯಗಾರನೆಂದರೆ ಆಡಳಿತದ ಸಮಸ್ಯೆ. ಆ ಸಮಸ್ಯೆಯ ಕನ್ನಡಕದಿಂದ ಅವನು ಹಿಂದಿನ ಇನ್ನೂರು ವರ್ಷಗಳನ್ನು ನೋಡಿದನು.

ಹಾಗೆಂದು ನಾಯಕರನ್ನು ಜನಹಿತದ ಮೂರ್ತಿಗಳೆಂದು ಪೂಜಿಸಲು ಹೊರಡುವುದೂ ಸಲ್ಲದು. ಈಚಿನ ಕೆಲವು ಸ್ಥಳೀಯ ಬರಹಗಳಲ್ಲಿ ಆ ಒಲವು ಹೆಚ್ಚುತ್ತಿದೆ. ಎರಡು ಕಡೆಗೆ ಕಪ್ಪ ಕಟ್ಟುವ ನಾಯಕನು ಅದನ್ನು ವಸೂಲು ಮಾಡುತ್ತಿದ್ದುದು ರೈತನಿಂದಲೇ. ಎಂ. ಎಸ್. ಪುಟ್ಟಣ್ಣನವರು ಪಾಳೆಯಗಾರರ ವಂಶಚರಿತ್ರೆಗಳನ್ನು ಕನ್ನಡದಲ್ಲಿ ಬರೆದು ದೊಡ್ಡ ಉಪಕಾರ ಮಾಡಿದರು. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕೈಫಿಯತ್ತುಗಳೂ ಅಚ್ಚಾಗಿವೆ. ಇವುಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟದ ತುಮಕೂರು ಶಾಸನಗಳೊಡನೆ ಹೋಲಿಸಿ ಓದುವ ಕೆಲಸವನ್ನು ಎಂ.ಎ. ವಿದ್ಯಾರ್ಥಿಯೊಬ್ಬನು ಒಂದು ತಾಲ್ಲೂಕಿಗೆ, ಗುಬ್ಬಿಗೇ ಆಗಲಿ, ಸೀಮಿತವಾಗಿ ಕೈಗೊಳ್ಳಬಹುದು. ಕೈಫಿಯತ್ತುಗಳಲ್ಲಿ ಕುಲದ ಹೊಗಳಿಕೆ ಇದೆ, ಹಕ್ಕಿನ ಬೇಡಿಕೆಯ ನೆರಳೂ ಇದೆ. ಆದರೆ ಯಾವ ಕಾಲದಲ್ಲಿ ಯಾರಿಗೆ ಎಷ್ಟು ಪೇಶಕಶು ಸಲ್ಲಿತೆಂಬುದನ್ನು ಅವು ನಾಚಿಕೆಯಿಲ್ಲದೆ ಲೆಕ್ಕಹಾಕಿ ಹೇಳುತ್ತವೆ. ಬರೆಸಿದವರಿಗೆ ಅದು ದ್ರೋಹವೆಂದು ತೋರಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ನಾಯಕನಿಗೆ ಹೋಗಲು ಎರಡನೆಯ ಬಾಗಿಲಿರಲಿಲ್ಲ. 1830ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರನು ಎದ್ದಾಗ ಅವನ ಬೆನ್ನಿಗೆ ನಿಲ್ಲಲು ಪೇಶ್ವೆಯಿರಲಿಲ್ಲ, ನವಾಬನಿರಲಿಲ್ಲ. ಮರುವರ್ಷ, 1831ರಲ್ಲಿ, ಕಂಪನಿಯು ಆಡಳಿತ ಕೆಟ್ಟಿತೆಂಬ ಕಾರಣ ಹೇಳಿ ಮೈಸೂರನ್ನೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿತು. ಅವರಿಗೂ ದೂರು ಒಯ್ಯಲು ಕಂಪನಿಯ ಬಾಗಿಲಲ್ಲದೆ ಬೇರೆ ಬಾಗಿಲಿರಲಿಲ್ಲ.