‘ನಮ್ಮ’ ಭವಿಷ್ಯದಲ್ಲಿ ನಾಗಿ ಎಲ್ಲಿದ್ದಾಳೆ?

ತುಳುವಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದಗಳಿವೆ. ‘ನಮ’ ಎಂದರೆ ಕೇಳುತ್ತಿರುವ ನೀವೂ ಸೇರಿ ನಾವೆಲ್ಲ. ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ‘ನಾವು ಊಟಕ್ಕೆ ಹೊರಟೆವು’ ಎಂದು ಯಾರಾದರೂ ಅಂದರೆ, ನಮ್ಮನ್ನೂ ಕರೆದರೋ ಇಲ್ಲವೋ ಎಂಬುದನ್ನು ಅವರ ಮುಖ ನೋಡಿಯೇ ತಿಳಿಯಬೇಕು. ಪರಿಸರ ಕುರಿತ ಬರಹಗಳನ್ನು ಓದುವಾಗ ಈ ಕೊರತೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿ ‘ನಾವು’ ಧಾರಾಳವಾಗಿ ಬರುತ್ತದೆ. ನೋಡಿ ತಿಳಿಯಲು ಮುಖ ಮಾತ್ರ ಇರುವುದಿಲ್ಲ.

‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಜಗತ್ತಿನ ತುಂಬ ಓಡಾಡುವಂತೆ ಮಾಡಿದ್ದು 1987ರ ಒಂದು ವರದಿ. ವಿಶ್ವಸಂಸ್ಥೆ 1983ರಲ್ಲಿ ರಚಿಸಿದ್ದ ಆಯೋಗಕ್ಕೆ ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅಧ್ಯಕ್ಷೆ. ವರದಿಯ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ನಮ್ಮೆಲ್ಲರ ಭವಿಷ್ಯ’ ಎಂದಾಗುತ್ತದೆ. ಬಾಹ್ಯಾಕಾಶದಿಂದ ಕಂಡ ಭೂಮಿಯ ಚಿತ್ರದೊಂದಿಗೆ ಅದು ಆರಂಭವಾಗುತ್ತದೆ. ಅಷ್ಟು ಎತ್ತರದಿಂದ ನೋಡಿದರೆ ಗಡಿ ಕಾಣುವುದಿಲ್ಲ, ಊರು ಕಾಣುವುದಿಲ್ಲ, ಯಾರ ಮನೆಯಲ್ಲಿ ದೀಪ ಉರಿಯುತ್ತಿದೆ, ಯಾರ ಮನೆ ಕತ್ತಲಲ್ಲಿದೆ ಎಂಬುದೂ ಕಾಣುವುದಿಲ್ಲ. ‘ನಮ್ಮೆಲ್ಲರ’ ಎನ್ನುವುದು ಅಲ್ಲಿಂದ ಸುಲಭ.

ಆದರೆ ವರದಿಯನ್ನು ಓದದೆ ದೂರುವುದು ನ್ಯಾಯವಲ್ಲ. ಭೂಮಿ ಒಂದೇ ಆದರೂ ಅದರ ಮೇಲಿನ ಲೋಕ ಒಂದಾಗಿಲ್ಲ ಎಂಬುದನ್ನು ಅದೇ ವರದಿ ಒಪ್ಪಿಕೊಳ್ಳುತ್ತದೆ. ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆ ಬರಬಾರದು ಎಂಬ ಪ್ರಸಿದ್ಧ ವ್ಯಾಖ್ಯೆಯ ಬೆನ್ನಿಗೇ, ಬಡವರ ಮೂಲಭೂತ ಅಗತ್ಯಗಳಿಗೆ ಎಲ್ಲಕ್ಕಿಂತ ಮೊದಲ ಸ್ಥಾನ ಸಿಗಬೇಕು ಎಂಬ ವಿವರಣೆಯೂ ಇದೆ. ಪಠ್ಯಪುಸ್ತಕಗಳಿಗೆ, ಭಾಷಣಗಳಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಬಂದದ್ದು ಮೊದಲ ವಾಕ್ಯ ಮಾತ್ರ. ಅದರಲ್ಲಿ ಇರುವವರು ಎರಡೇ ಪಕ್ಷ: ಇಂದಿನವರು ಮತ್ತು ನಾಳಿನವರು. ಇಂದಿನವರ ನಡುವೆಯೇ ಇರುವ ಜಗಳ ಆ ವಾಕ್ಯದಿಂದ ಜಾರಿಹೋಗಿದೆ. ಹುಟ್ಟದ ಮಕ್ಕಳ ಬಗ್ಗೆ ಕರುಣೆ ತೋರುವುದು ಸುಲಭ. ಅವರು ಎದುರು ಬಂದು ಲೆಕ್ಕ ಕೇಳುವುದಿಲ್ಲ.

ಆ ಲೆಕ್ಕವನ್ನು ಕೇಳಿದವರು ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್. 1991ರಲ್ಲಿ ಬರೆದ ಪುಸ್ತಿಕೆಯಲ್ಲಿ ಅವರು ಎತ್ತಿದ ಪ್ರಶ್ನೆ ಸರಳವಾದದ್ದು. ಬಡರೈತನ ಗದ್ದೆಯಿಂದ ಏಳುವ ಮೀಥೇನನ್ನೂ ಶ್ರೀಮಂತ ದೇಶದ ಕಾರುಗಳು ಉಗುಳುವ ಇಂಗಾಲದ ಡೈಆಕ್ಸೈಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಒಂದು ಬದುಕುಳಿಯಲು, ಇನ್ನೊಂದು ಸುಖಕ್ಕೆ. ಮರುವರ್ಷ ರಿಯೋ ಸಮಾವೇಶದ ಘೋಷಣೆಯಲ್ಲಿ ಜವಾಬ್ದಾರಿ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ಪ್ರಮಾಣದ್ದಲ್ಲ ಎಂಬ ತತ್ತ್ವ ಸೇರಿತು. ತುಳುವಿನಲ್ಲಿ ಹೇಳುವುದಾದರೆ, ‘ನಮ’ ಎಂಬಲ್ಲಿಗೆ ‘ಎಂಕುಲು’ ಬಂದು ಕೂತಿತು. ಭಾರತ ಈ ತತ್ತ್ವವನ್ನು ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ಇಂದಿಗೂ ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಡಲೂ ಬಾರದು.

ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ. ಹೊರಗೆ ಅಷ್ಟು ಜಾಣತನದಿಂದ ‘ನಾವು’ ಎಂಬುದನ್ನು ಒಡೆದು ನೋಡುವ ದೇಶ, ಒಳಗೆ ಬಂದೊಡನೆ ಅದನ್ನು ಮತ್ತೆ ಹೊಲಿದುಬಿಡುತ್ತದೆ. ಶರಾವತಿ ಕಣಿವೆಯ ಜನರಿಗೆ ಇದು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅದರ ಹಿನ್ನೀರಿನಲ್ಲಿ ಊರುಗಳಷ್ಟೇ ಅಲ್ಲ, ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನಾಡಿಗೆ ಬೆಳಕು ಬಂತು. ನಾಡು ಎಂದರೆ ಯಾರು ಎಂದು ಕೇಳುವ ಕೆಲಸವನ್ನು ಕನ್ನಡದಲ್ಲಿ ಸಾಹಿತ್ಯ ಮಾಡಿತು. ಸಾಗರದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಚಲನಚಿತ್ರವಾಗಿಸಿದರು, ಅದಕ್ಕೆ ರಾಷ್ಟ್ರೀಯ ಸ್ವರ್ಣಕಮಲವೂ ಬಂತು. ಇಲ್ಲಿ ನಾನು ಚಿತ್ರದ ಬಗ್ಗೆ ಮಾತ್ರ ಹೇಳುತ್ತೇನೆ.

ಕಥೆ ಚಿಕ್ಕದು. ಅಣೆಕಟ್ಟಿನ ನೀರು ಏರುತ್ತಿದೆ. ಸೀತಾಪರ್ವತದ ಸುತ್ತಲಿನ ಜನ ಪರಿಹಾರ ಪಡೆದು ಗುಳೆ ಹೋಗುತ್ತಾರೆ. ದೇವರ ಸೇವೆಯನ್ನೇ ಬದುಕು ಮಾಡಿಕೊಂಡ ದುಗ್ಗಜ್ಜ ಬೆಟ್ಟ ಬಿಡಲು ಒಪ್ಪುವುದಿಲ್ಲ. ಮಗ ಗಣಪ, ಸೊಸೆ ನಾಗಿ ಅವನೊಂದಿಗೆ ಉಳಿಯುತ್ತಾರೆ. ಮೊದಲ ಬಿರುಕು ಸರಕಾರ ಮತ್ತು ಊರಿನ ನಡುವೆ. ಸರಕಾರದ ಕಾಗದ ಭೂಮಿಯನ್ನು ಅಳೆಯಬಲ್ಲದು. ಬೆಟ್ಟಕ್ಕೂ ದುಗ್ಗಜ್ಜನಿಗೂ ಇರುವ ನಂಟನ್ನು ಬರೆಯಲು ಅದರಲ್ಲಿ ಕಾಲಮ್ಮಿಲ್ಲ. ಎರಡನೆಯ ಬಿರುಕು ಹೋದವರು ಮತ್ತು ಉಳಿದವರ ನಡುವೆ. ‘ಸಂತ್ರಸ್ತರು’ ಎಂದು ಒಟ್ಟಾಗಿ ಕರೆಯುವ ಜನರೂ ಒಂದೇ ಅಲ್ಲ.

ಆಮೇಲೆ ಕೃಷ್ಣ ಎಂಬ ಯುವಕ ಬರುತ್ತಾನೆ, ಗಣಪನಿಗೆ ಸಂಶಯ ಹುಟ್ಟುತ್ತದೆ. ಉತ್ತರಾರ್ಧದಲ್ಲಿ ಅಣೆಕಟ್ಟು ಹಿಂದಕ್ಕೆ ಸರಿದು ಗಂಡ ಹೆಂಡಿರ ಮನಸ್ತಾಪ ಮುಂದೆ ಬರುತ್ತದೆ ಎಂಬ ಆಕ್ಷೇಪವನ್ನು ಎತ್ತಬಹುದು. ಮೊದಲ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು. ಒಂದು ದೊಡ್ಡ ಸಾರ್ವಜನಿಕ ಪ್ರಶ್ನೆಯನ್ನು ಮನೆಯೊಳಗೆ ತಂದು ಚಿಕ್ಕದು ಮಾಡಿದರಲ್ಲ ಎಂದು ಬೇಸರವಾಗಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ನೀರು ಮನೆಬಾಗಿಲಿಗೆ ಬಂದು, ಗಣಪ ಕೈಚೆಲ್ಲಿ ಕೂತಾಗ ದನಕರುಗಳನ್ನೂ ಮನೆಯನ್ನೂ ಉಳಿಸಲು ಒದ್ದಾಡುವವಳು ನಾಗಿ. ಮಳೆ ನಿಲ್ಲುತ್ತದೆ, ನೀರು ಇಳಿಯುತ್ತದೆ. ತನ್ನ ದುಡಿಮೆ ಫಲಿಸಿತು ಎಂದು ಅವಳ ಮುಖ ಅರಳುತ್ತದೆ. ಗಣಪ ಮಾತ್ರ ಎಲ್ಲವೂ ದೇವರ ದಯೆ ಎಂದುಬಿಡುತ್ತಾನೆ.

ಮೂರನೆಯ ಬಿರುಕು ಇದು, ಒಂದೇ ಸೂರಿನ ಕೆಳಗಿನ ‘ನಾವು’ ಒಡೆಯುವ ಜಾಗ. ಹೊಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದು ಕೊನೆಯಲ್ಲಿ ನಾಗಿಯ ಹೆಗಲ ಮೇಲೆ ಕೂರುತ್ತದೆ. ಕೀರ್ತಿ ಮಾತ್ರ ಅವಳನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಜಾಗತಿಕ ಜವಾಬ್ದಾರಿ ಎಂದು ನಾವು ಕರೆಯುವುದರ ಆಕಾರವೂ ಇದೇ ಅಲ್ಲವೇ? ಹಾಗಾಗಿ ಕಾಸರವಳ್ಳಿ ಪ್ರಶ್ನೆಯನ್ನು ಚಿಕ್ಕದು ಮಾಡಲಿಲ್ಲ. ಅದು ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ತೋರಿಸಿದರು.

ಇದನ್ನು ಈಗ ಬರೆಯಲು ಕಾರಣವಿದೆ. ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವ್ಯಾಟ್‌ಗಳ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ವಿದ್ಯುತ್ ಹೆಚ್ಚಾಗಿ ಸಿಗುವ ಹೊತ್ತಿನಲ್ಲಿ ಗೇರುಸೊಪ್ಪದ ನೀರನ್ನು ತಲಕಳಲೆಗೆ ಏರಿಸಿ, ಬೇಕಾದ ಹೊತ್ತಿನಲ್ಲಿ ಇಳಿಸಿ ವಿದ್ಯುತ್ ಪಡೆಯುವ ಯೋಜನೆ. ಬಿಸಿಲು ಗಾಳಿಗಳ ವಿದ್ಯುತ್ತು ಸದಾ ಸಿಗುವುದಿಲ್ಲವಾದ್ದರಿಂದ ಇಂಥ ಸಂಗ್ರಹ ಬೇಕು ಎಂಬ ವಾದ ಪೊಳ್ಳಲ್ಲ. ಕಲ್ಲಿದ್ದಲು ಸುಡುವುದು ಕಡಿಮೆಯಾಗಲೇಬೇಕು. ಆದರೆ ಅರವತ್ತು ವರ್ಷಗಳ ಹಿಂದೆ ‘ನಾಡಿನ ಬೆಳಕಿಗಾಗಿ’ ಎಂದು ಕೇಳಿದ ತ್ಯಾಗವನ್ನೇ ಈಗ ‘ಭೂಮಿಯ ಉಳಿವಿಗಾಗಿ’ ಎಂದು ಕೇಳಲಾಗುತ್ತಿದೆ. ಕೇಳುವ ಕಾರಣ ಬದಲಾಗಿದೆ, ಕೊಡಬೇಕಾದ ಕಣಿವೆ ಅದೇ. ಲಿಂಗನಮಕ್ಕಿಯಲ್ಲಿ ಎತ್ತಂಗಡಿಯಾದ ಎಷ್ಟೋ ಕುಟುಂಬಗಳಿಗೆ ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರವೇ ಸಿಕ್ಕಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಪಾಲೂ ಇದರಲ್ಲಿದೆ. ಪರಿಸರ ಸಾಹಿತ್ಯದ ಬಗ್ಗೆ ಸೆಮಿನಾರುಗಳಲ್ಲಿ ನಾವು ಮಂಡಿಸುವ ಪ್ರಬಂಧಗಳು ‘ಮನುಷ್ಯನ ದುರಾಸೆ’ ಎಂದು ಶುರುವಾಗಿ ‘ಮನುಷ್ಯ ಎಚ್ಚೆತ್ತುಕೊಳ್ಳಬೇಕು’ ಎಂದು ಮುಗಿಯುತ್ತವೆ. ನಾನೂ ಅಂಥವನ್ನು ಬರೆದಿದ್ದೇನೆ. ಆ ಮನುಷ್ಯ ಯಾರು? ದುಗ್ಗಜ್ಜನೂ ಅವನೇ, ಅಣೆಕಟ್ಟಿನ ನಕ್ಷೆ ಬರೆದವನೂ ಅವನೇ ಎಂದರೆ ವಿಮರ್ಶೆ ಬಾಹ್ಯಾಕಾಶದಿಂದ ಭೂಮಿ ನೋಡಿದಂತಾಗುತ್ತದೆ. ಕನ್ನಡ ವ್ಯಾಕರಣ ನಮಗೆ ಎರಡನೆಯ ‘ನಾವು’ ಕೊಟ್ಟಿಲ್ಲ. ಆದ್ದರಿಂದ ಆ ಪದ ಬಂದಲ್ಲೆಲ್ಲ ನಿಂತು, ಇದರಲ್ಲಿ ನಾಗಿ ಇದ್ದಾಳೆಯೇ ಎಂದು ಓದುಗರೇ ಕೇಳಬೇಕಾಗುತ್ತದೆ.