ಹೆಸರು ಚೆನ್ನಾಗಿಲ್ಲ ಅಂದರು

1976ರ ಆಗಸ್ಟ್ 28, ಸಿಯಾಟಲ್‌ನ ಕಿಂಗ್‌ಡೋಮ್ ಸ್ಟೇಡಿಯಂ. ಉತ್ತರ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಎಸ್‌ಎಲ್‌ನ ಫೈನಲ್‌ನಲ್ಲಿ ಕೆನಡಾದ ಟೊರಾಂಟೊ ಮೆಟ್ರೋಸ್-ಕ್ರೊಯೇಷಿಯಾ ತಂಡ ಮಿನ್ನೆಸೋಟ ಕಿಕ್ಸ್ ತಂಡವನ್ನು 3-0ರಿಂದ ಸೋಲಿಸಿತು. ಮೊದಲ ಗೋಲು ಯುಸೇಬಿಯೊದು, ಫ್ರೀ ಕಿಕ್‌ನಲ್ಲಿ. ಹೌದು, 1966ರ ವಿಶ್ವಕಪ್‌ನಲ್ಲಿ 9 ಗೋಲು ಹೊಡೆದಿದ್ದನಲ್ಲ, ಅವನೇ. ಆಗ 34 ವರ್ಷ. ಪೆಲೆಯ ಕಾಸ್ಮೋಸ್ ಎಲ್ಲರಿಗೂ ಗೊತ್ತು. ಆ ವರ್ಷ ಕಪ್ ಗೆದ್ದವರ ಹೆಸರು ಕೇಳಿ ನೋಡಿ.

ಲೀಗಿನ ದೊಡ್ಡವರಿಗೆ ಆ ಹೆಸರೇ ತಲೆನೋವಾಗಿತ್ತು. 1971ರಲ್ಲಿ ಶುರುವಾದ ಮೆಟ್ರೋಸ್ ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದಾಗ, 1975ರಲ್ಲಿ ಅದರ ಕೈ ಹಿಡಿದದ್ದು ಟೊರಾಂಟೊ ಕ್ರೊಯೇಷಿಯಾ ಅನ್ನೋ ವಲಸಿಗರ ಕ್ಲಬ್. ದುಡ್ಡಿನ ಜೊತೆ ಹೆಸರೂ ಸೇರಿತು. ಕ್ರೊಯೇಷಿಯಾ ಆಗ ಸ್ವತಂತ್ರ ದೇಶವೇ ಅಲ್ಲ, ಯುಗೊಸ್ಲಾವಿಯದ ಒಂದು ಭಾಗವಷ್ಟೆ. ಭೂಪಟದಲ್ಲಿ ಇಲ್ಲದ ದೇಶ ಅಂಕಪಟ್ಟಿಯಲ್ಲಿ ಇತ್ತು! ಊರು ಬಿಟ್ಟು ಬಂದವರಿಗೆ ಅದು ಸಣ್ಣ ವಿಷಯವೇನಲ್ಲ. ಲೀಗಿಗೆ ಮಾತ್ರ ಒಂದೇ ಸಮುದಾಯದ ಹೆಸರಿರೋ ತಂಡವನ್ನ ಎಲ್ಲರಿಗೂ ಮಾರೋದು ಹೇಗೆ ಅನ್ನೋ ಚಿಂತೆ.

1979ರಲ್ಲಿ ಗ್ಲೋಬಲ್ ಟಿವಿ ಕಂಪನಿ ತಂಡ ಕೊಂಡು 'ಬ್ಲಿಝರ್ಡ್' ಅಂತ ಹೆಸರಿಟ್ಟಿತು. ಹಿಮಬಿರುಗಾಳಿ. ಬೇಸಿಗೆಯಲ್ಲಿ ಆಡೋ ತಂಡಕ್ಕೆ.

ಬ್ಲಿಝರ್ಡ್ ಕೆಟ್ಟ ತಂಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಬಾಬ್ ಹೌಟನ್ ಕೋಚ್ ಆಗಿದ್ದಾಗ 1983, 1984 ಎರಡೂ ವರ್ಷ ಫೈನಲ್‌ಗೆ ಬಂತು, ಎರಡೂ ಸಲ ಸೋತಿತು. (ಇದೇ ಹೌಟನ್ ಮುಂದೆ ಭಾರತ ತಂಡದ ಕೋಚ್ ಆದರು, 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ನಮ್ಮ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದಾಗ ಕೋಚ್ ಇವರೇ.) 1984ರ ಆ ಸರಣಿಯೇ ಎನ್‌ಎಎಸ್‌ಎಲ್‌ನ ಕೊನೆಯ ಆಟ. ಲೀಗ್ ಬಾಗಿಲು ಹಾಕಿತು, ತಂಡವೂ ಹೋಯಿತು. ಆಮೇಲೆ ಅದೇ ಹೆಸರಿನ ಬೇರೊಂದು ತಂಡ ಬಂದು, ಅದೂ ಮಾಯವಾಯಿತು.

ಇತಿಹಾಸ ಬರೆಯೋರು ಮೆಟ್ರೋಸ್, ಮೆಟ್ರೋಸ್-ಕ್ರೊಯೇಷಿಯಾ, ಬ್ಲಿಝರ್ಡ್ ಮೂರನ್ನೂ ಒಂದೇ ಕ್ಲಬ್ಬಿನ ಮೂರು ಹೆಸರು ಅಂತ ಒಂದೇ ಸಾಲಿಗೆ ಹಾಕ್ತಾರೆ. ಕಾಗದಪತ್ರದ ಲೆಕ್ಕದಲ್ಲಿ ಸರಿಯೇ. ಆದರೆ 1976ರ ಕಪ್ಪನ್ನ ಬ್ಲಿಝರ್ಡ್ ಖಾತೆಗೆ ಬರೆಯೋದಕ್ಕೆ ನನಗೆ ಮನಸ್ಸು ಬರಲ್ಲ. ತಂಡ ಮುಳುಗ್ತಿದ್ದಾಗ ದುಡ್ಡು ಹಾಕಿದವರು ಬೇರೆ ಜನ. 1956ರಲ್ಲಿ ಹುಟ್ಟಿದ ಟೊರಾಂಟೊ ಕ್ರೊಯೇಷಿಯಾ ಸಣ್ಣ ಲೀಗುಗಳಿಗೆ ವಾಪಸ್ ಹೋಗಿ ಆಡ್ತಾನೇ ಇತ್ತು. ಯುಸೇಬಿಯೊ ಇಲ್ಲ, ಟಿವಿ ಕಂಪನಿ ಇಲ್ಲ. 2011ರಲ್ಲಿ ಕೆನಡಿಯನ್ ಸಾಕರ್ ಲೀಗ್ ಗೆದ್ದಿತು, ಬೇಡ ಅನ್ನಿಸಿಕೊಂಡಿದ್ದ ಅದೇ ಹೆಸರಲ್ಲಿ.